ಹೊಳೆ ದಾಟಿ ಬಂದ ದಿಬ್ಬಣ

ಸಾಗರ ಪೇಟೆಯಲ್ಲಿ ಟೈಲರ್ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯುತ್ತ ನಿಂತವರಲ್ಲಿ ಗಂಡಸು ಅಂತ ಇದ್ದದ್ದು ನಾನೊಬ್ಬನೇ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪ ರೈಲು ಹತ್ತಿದ್ದೆ. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು, ಇಡ್ಲಿ ತಿಂದು, ಎರಡು ಸಲ ಕಾಫಿ ಕುಡಿದರೂ ಒಂಬತ್ತು ಗಂಟೆ ಆಗಿರಲಿಲ್ಲ. ‘ಸಾರ್, ಹೆಂಗಿದ್ರೂ ಸಾಗರದ ಮೇಲೇ ಬರ್ತೀರಿ. ಧಾರೆ ಸೀರೆ ರವಿಕೆ ಟೈಲರ್ ಹತ್ರ ಇದೆ. ಒಂದು ಕವರ್ ಅಷ್ಟೆ’ ಎಂದು ಮದುಮಗಳೇ ಫೋನ್ ಮಾಡಿ ಹೇಳಿದ್ದಳು. ತುಮರಿ ಕಡೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದಾಗ ಅವಳು ಮುಂದಿನ ಬೆಂಚಿನ ವಿದ್ಯಾರ್ಥಿನಿ. ಈಗ ಶಿವಮೊಗ್ಗದಲ್ಲಿ ನರ್ಸ್. ಅಂಗಡಿ ತೆರೆಯಿತು, ಕವರ್ ಕೈಗೆ ಬಂತು, ನಾನು ಅದನ್ನು ಬಿಚ್ಚಿ ನೋಡಲಿಲ್ಲ. ರವಿಕೆಯಲ್ಲಿ ನೋಡುವುದಾದರೂ ಏನು ಎಂದುಕೊಂಡೆ. ಆ ಉದಾಸೀನದ ಫಲವನ್ನು ರಾತ್ರಿ ಉಂಡೆ.

ಇದು ಸೇತುವೆ ಆಗುವುದಕ್ಕೆ ಮುಂಚಿನ ಮಾತು. ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಹೋದರೆ ರಸ್ತೆ ನೀರಿನಲ್ಲಿ ಮುಗಿಯುತ್ತಿತ್ತು. ಈಚೆ ದಡ ಅಂಬಾರಗೋಡ್ಲು, ಆಚೆ ದಡ ಕಳಸವಳ್ಳಿ, ನಡುವೆ ಶರಾವತಿಯ ಹಿನ್ನೀರು. ಹಿನ್ನೀರು ಎನ್ನುವುದು ನಮ್ಮ ಬರವಣಿಗೆಯ ಮಾತು. ಅಲ್ಲಿಯವರಿಗೆ ಅದು ಇವತ್ತಿಗೂ ಹೊಳೆಯೇ. ಹೊಳೆ ದಾಟಲು ಲಾಂಚ್. ಮಳೆಗಾಲ ಮುಗಿದ ದಿನಗಳಲ್ಲಿ ಅದು ಕಾರು, ಜೀಪು, ಕೊನೆಗೆ ಬಸ್ಸನ್ನೂ ಹೊತ್ತು ಸಾಗುತ್ತಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಈ ದಡದಲ್ಲೇ ರಾತ್ರಿ. ಇಲ್ಲವೇ ಹೊಸನಗರ, ನಿಟ್ಟೂರಿನ ಕಡೆಯಿಂದ ಗಂಟೆಗಟ್ಟಲೆ ಸುತ್ತು. ಆಚೆ ದಡದ ಕರೂರು, ಬಾರಂಗಿ ಹೋಬಳಿಯವರ ಆಸ್ಪತ್ರೆ, ಕಚೇರಿ, ಕಾಲೇಜು, ಮದುವೆ, ಸಾವು ಎಲ್ಲಕ್ಕೂ ಲಾಂಚಿನದೇ ವೇಳಾಪಟ್ಟಿ. ಆ ಕಡೆಯ ಹುಡುಗರಿಗೆ ಹೆಣ್ಣು ಕೊಡಲು ಹೊರಗಿನವರು ಹಿಂದೆಮುಂದೆ ನೋಡುತ್ತಿದ್ದುದೂ ಈ ನೀರಿನಿಂದಲೇ.

ನಾನು ಹೊಳೆಬಾಗಿಲು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಮೇ ತಿಂಗಳ ಕೊನೆ. ನೀರು ಎಷ್ಟೋ ಕೆಳಗೆ ಇಳಿದಿತ್ತು. ಲಾಂಚ್ ನಿಲ್ಲುವ ಕಡೆ ಹೊಸದಾಗಿ ಮಣ್ಣು ಹಾಕಿದ್ದರೂ ವಾಹನ ಹತ್ತಿಸುವಷ್ಟು ಆಳ ಇರಲಿಲ್ಲ. ಜನರನ್ನು ಮಾತ್ರ ದಾಟಿಸುತ್ತಿದ್ದರು. ತಲೆಯ ಮೇಲೆ ಮೂಟೆ, ಕೈಯಲ್ಲಿ ಚಪ್ಪಲಿ, ಕಣಕಾಲು ತನಕ ಕೆಸರು. ದಡದಲ್ಲಿ ನಿಂತ ಪಿಕಪ್ ಗಾಡಿಯೊಂದರ ತುಂಬ ಎಲೆಕೋಸು, ಬೀನ್ಸ್, ಕುಂಬಳಕಾಯಿ. ಪಕ್ಕದಲ್ಲಿ ಸೌಟು, ಜಾಲರಿಗಳ ಚೀಲ ಹಿಡಿದ ಮೂವರು. ಯಾರ ಮನೆಗೆ ಎಂದು ಕೇಳಿದೆ. ನಾನು ಹೋಗುವ ಮನೆಗೇ! ಅಡುಗೆ ಭಟ್ಟರು ಬೆಳಿಗ್ಗೆಯೇ ದಾಟಿ ಹೋಗಿದ್ದರು. ಅವರ ಕೈಯಾಳುಗಳೂ ತರಕಾರಿಯೂ ಈ ದಡದಲ್ಲಿ. ಇಬ್ಬರು ಹುಡುಗರು ಹೊರುವಷ್ಟು ಹೊತ್ತುಕೊಂಡು ನನ್ನ ಜೊತೆ ಲಾಂಚ್ ಹತ್ತಿದರು. ಮೂರನೆಯವನು ಗಾಡಿ ಕಾಯುತ್ತ ಉಳಿದ. ನಾನು ಒಂದು ಕುಂಬಳಕಾಯಿ ಹೊತ್ತೆ. ರವಿಕೆಯ ಕವರ್ ಕಂಕುಳಲ್ಲಿ.

ಲಾಂಚ್ ನೀರಿನ ನಡುವೆ ಬಂದಾಗ ಸುತ್ತ ಒಣಮರದ ಬೊಡ್ಡೆಗಳು ಕಾಣತೊಡಗಿದವು. ಐವತ್ತು ಅರವತ್ತು ವರ್ಷ ನೀರಿನಲ್ಲಿ ನಿಂತೂ ಕೊಳೆಯದ ಮರಗಳು. ಅತ್ತ ಹೊಸ ಸೇತುವೆಯ ಕಂಬಗಳು, ಇನ್ನೂ ಮೇಲೆ ಏನೂ ಹೊರದೆ ಸಾಲಾಗಿ ನಿಂತಿದ್ದವು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ತುಂಬಿದರೆ 1819 ಅಡಿ, ಸುಮಾರು 152 ಟಿಎಂಸಿ ನೀರು. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಎಂಬ ಅಣೆಕಟ್ಟು ಇತ್ತು. ದೊಡ್ಡದು ಬಂದ ಮೇಲೆ ಚಿಕ್ಕದೂ ಮುಳುಗಿತು. ಬೇಸಿಗೆ ಕಡುವಾದ ವರ್ಷ ಅದು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟನ್ನೇ ಮುಳುಗಿಸಿದ ನೀರು ಊರುಗಳನ್ನು ಬಿಟ್ಟೀತೇ? ಗದ್ದೆ, ತೋಟ, ದೇವಸ್ಥಾನ, ಬಾವಿ ಎಲ್ಲ ಅಡಿಯಲ್ಲಿವೆ. ಸಾಗರದಲ್ಲೇ ಬಾಳಿದ ನಾ. ಡಿಸೋಜ ಈ ಮುಳುಗಡೆಯ ಬದುಕನ್ನು ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ತರಗತಿಯಲ್ಲಿ ಆ ಕಾದಂಬರಿಯ ಪುಟಗಳನ್ನು ಓದಿ ಹೇಳುತ್ತಿದ್ದಾಗ ಈ ಮದುಮಗಳೇ ಎದ್ದು ನಿಂತು, ‘ನಮ್ಮನೆ ಕಥೆ ಕೇಳಕ್ಕೆ ಪುಸ್ತಕ ಯಾಕೆ ಬೇಕು ಸಾರ್, ನಮ್ಮ ಅಜ್ಜಿ ಇದಾಳಲ್ಲ’ ಅಂದಿದ್ದಳು.

ಕಳಸವಳ್ಳಿಯಲ್ಲಿ ಇಳಿಯುವಾಗ ಪಡುವಣ ದಿಕ್ಕು ಇದ್ದಿಲಿನ ಹಾಗೆ ಕಪ್ಪಗಾಗಿತ್ತು. ತುಮರಿಯಿಂದ ಒಳಗೆ ಅವರ ಮನೆ ಸೇರುವುದಕ್ಕೂ ಗಾಳಿ ಏಳುವುದಕ್ಕೂ ಸರಿಹೋಯಿತು.

ಮಲೆನಾಡಿನಲ್ಲಿ ಮಳೆಗಾಲದ ಮಳೆಗೆ ಒಂದು ಮರ್ಯಾದೆ ಇದೆ. ಬರುತ್ತೇನೆಂದು ಹೇಳಿ ಬಂದು, ತಿಂಗಳುಗಟ್ಟಲೆ ಕೂತು ಹೋಗುತ್ತದೆ. ಮೇ ತಿಂಗಳ ಗುಡುಗು ಮಳೆ ಹಾಗಲ್ಲ. ಅರ್ಧ ಗಂಟೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿ ಹೊರಟುಬಿಡುತ್ತದೆ. ಅಂಗಳದ ಶಾಮಿಯಾನ ಮೊದಲು ಗಾಳಿಪಟವಾಗಿ, ಆಮೇಲೆ ಒದ್ದೆ ಬಟ್ಟೆಯಾಗಿ ತೋಟದ ಬೇಲಿಗೆ ಸಿಕ್ಕಿಕೊಂಡಿತು. ಕರೆಂಟು ಹೋಯಿತು. ಅದರ ಬೆನ್ನಿಗೆ ಮೊಬೈಲ್ ನೆಟ್‌ವರ್ಕೂ ಹೋಯಿತು. ಹಿತ್ತಲ ಮಾವಿನಮರದ ಕೊಂಬೆ ಮುರಿದು ಜಗಲಿಯ ಹೆಂಚಿನ ಮೇಲೆ ಬಿತ್ತು. ಹತ್ತಾರು ಹೆಂಚು ಪುಡಿಯಾಗಿ, ನೀರು ಒಳಗೋಡೆಯ ಮೇಲೆ ಧಾರೆಯಾಗಿ ಇಳಿಯಿತು. ಯಾರೋ ಹೆಂಗಸು ‘ಅಯ್ಯೋ, ಹಸೆ ಗೋಡೆ!’ ಎಂದು ಕೂಗಿದರು. ಮಿಕ್ಕ ಯಾವುದಕ್ಕೂ ಯಾರೂ ಹಾಗೆ ಕೂಗಿರಲಿಲ್ಲ.

ಅದು ದೀವರ ಮನೆ. ದೀವರ ಮದುವೆಯಲ್ಲಿ ಹಸೆ ಚಿತ್ತಾರ ಇಲ್ಲದೆ ಆಗುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಗೆಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಗೆರೆಯ ಪಕ್ಕ ಗೆರೆ, ಚೌಕದೊಳಗೆ ಚೌಕ, ಅದರ ನಡುವೆ ಮದುಮಕ್ಕಳು. ಅದರ ಮುಂದೆ ಹಸೆ ಹಾಸಿ ಹೆಣ್ಣುಗಂಡನ್ನು ಕೂರಿಸುತ್ತಾರೆ. ಸಂಬಂಧದಲ್ಲಿ ಚಿತ್ತಾರ ಬಲ್ಲ ಇಬ್ಬರು ಹೆಂಗಸರು ಬಂದು ನಾಲ್ಕು ದಿನ ಕೂತು ಬರೆದುಕೊಟ್ಟು ಹೋಗಿದ್ದರಂತೆ. ನಾನು ನೋಡುವಾಗ ಗೋಡೆಯ ಎಡಭಾಗ ಇತ್ತು. ಬಲಭಾಗ ಕೆಂಪು ನೀರಾಗಿ ನೆಲಕ್ಕೆ ಹರಿದಿತ್ತು. ಅದರಲ್ಲಿ ಬಿಳಿಯ ಎಳೆಗಳು, ಹಾಲು ಚೆಲ್ಲಿದ ಹಾಗೆ.

ಇಂಥ ಹೊತ್ತಿನಲ್ಲಿ ನಾನು ಕವರ್ ಕೊಟ್ಟೆ. ಮದುಮಗಳ ಚಿಕ್ಕಮ್ಮ ಟಾರ್ಚ್ ಬೆಳಕಿನಲ್ಲಿ ಬಿಚ್ಚಿದರು. ಒಳಗಿದ್ದದ್ದು ಹಸಿರು ರವಿಕೆ. ಧಾರೆ ಸೀರೆ ಕಡುಗೆಂಪು. ಹಸಿರಿನದೂ ಎಂಥದು, ಇಬ್ಬರು ಮದುಮಗಳಂದಿರು ಒಟ್ಟಿಗೆ ತೊಡಬಹುದಾದ ಅಳತೆಯದು. ಸಾಗರದಲ್ಲಿ ಇನ್ಯಾವುದೋ ಮನೆಯಲ್ಲಿ ಆ ಹೊತ್ತಿಗೆ ಯಾರೋ ನಮ್ಮ ಕೆಂಪು ರವಿಕೆಯನ್ನು ಮೈಗೆ ಹಿಡಿದು ನೋಡಿ ಅಳುತ್ತಿದ್ದಿರಬೇಕು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರೂ ಮದುಮಗಳ ಮುಖ ನೋಡಿದರು. ಕೆನ್ನೆಯ ಅರಿಶಿನ ಇನ್ನೂ ಒಣಗಿರಲಿಲ್ಲ. ಅವಳು ರವಿಕೆಯನ್ನು ಎತ್ತಿ ಹಿಡಿದು, ‘ಸಾರ್, ನನ್ನ ಕಾಪಿ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದ್ರೂ ಕಂಡುಹಿಡೀತಿದ್ರಲ್ಲ’ ಅಂದಳು. ಮನೆ ತುಂಬ ನಗು ಎದ್ದಿತು. ಆ ನಗುವೊಂದು ಏಳದಿದ್ದರೆ ಆ ರಾತ್ರಿ ಬೇರೆ ಥರ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ದೊಡ್ಡಪ್ಪನ ಮಗಳ ಮದುವೆಯ ಕೆಂಪು ರವಿಕೆಗೆ ಚಿಕ್ಕಮ್ಮ ಎರಡೂ ಕಡೆ ಹೊಲಿಗೆ ಹಾಕಿ ಮುಗಿಸಿದರು.

ಮಳೆ ನಿಂತ ಮೇಲೆ ಕತ್ತಲಲ್ಲಿ ಒಂದೊಂದೇ ಟಾರ್ಚು ತೋಟದ ದಾರಿಯಲ್ಲಿ ಕಾಣಿಸಿಕೊಂಡಿತು. ಯಾರೂ ಯಾರನ್ನೂ ಕರೆದಿರಲಿಲ್ಲ. ಕರೆಯಲು ಫೋನೇ ಇರಲಿಲ್ಲ. ಒಬ್ಬರು ಅಡಿಕೆ ದಬ್ಬೆ ಹೊತ್ತು ತಂದರು, ಒಬ್ಬರು ತಾಡಪಾಲು, ಇನ್ನೊಬ್ಬರು ತಮ್ಮ ಕೊಟ್ಟಿಗೆಗೆ ಹೊದೆಸಲು ಇಟ್ಟಿದ್ದ ಹೊಸ ಹೆಂಚು. ಹತ್ತು ಗಂಟೆಯ ಹೊತ್ತಿಗೆ ಹಳೆಯ ಕಾಲದ ಚಪ್ಪರ ಎದ್ದು ನಿಂತಿತು, ಸೋಗೆಯ ಮಾಡು, ಬಾಳೆಯ ಕಂಬ. ಶಾಮಿಯಾನಕ್ಕಿಂತ ಇದೇ ಚೆಂದ ಎಂದು ಕಟ್ಟಿದವರೇ ಹೇಳಿಕೊಂಡರು. ಅಡುಗೆ ಭಟ್ಟರು ಬೀನ್ಸಿನ ಆಸೆ ಬಿಟ್ಟು, ಗಾಳಿಗೆ ಬಿದ್ದ ಮಾವಿನಕಾಯಿಗಳನ್ನು ಬುಟ್ಟಿಗಟ್ಟಲೆ ಆರಿಸಿಸಿದರು. ನೆರೆಮನೆಗಳ ಅಟ್ಟದಿಂದ ಮೊಗೆಕಾಯಿ ಇಳಿದವು. ತೋಟದಿಂದ ಹಲಸಿನಕಾಯಿ ಬಂತು. ನಾನು ಹೊತ್ತು ತಂದ ಕುಂಬಳಕಾಯಿಗೂ ಒಂದು ಗತಿ ಕಂಡಿತು.

ಗೋಡೆಯ ಕೆಲಸ ಮಾತ್ರ ಯಾರಿಂದಲೂ ಆಗದ್ದು. ಬರೆದವರು ಹೊಳೆಯಾಚೆಯ ಊರಿನವರು. ಅಲ್ಲಿ ಉಳಿದಿದ್ದ ಬಲ್ಲ ಕೈ ಎಂದರೆ ಅಜ್ಜಿಯದು. ಎಂಬತ್ತು ದಾಟಿದ ಕೈ. ‘ಅಕ್ಕಿ ನೆನ್ಸಿ’ ಎಂದಷ್ಟೇ ಅಜ್ಜಿ ಹೇಳಿತು.

ಒದ್ದೆ ಗೋಡೆಯ ಮೇಲೆ ಬರೆಯಲಾಗದು. ಬಾಣಲೆಯಲ್ಲಿ ಕೆಂಡ ತುಂಬಿಸಿ, ಕಬ್ಬಿಣದ ಸರಳಿಗೆ ತೂಗಿಸಿ, ಇಬ್ಬರು ಗಂಡಸರು ಗೋಡೆಯ ಹತ್ತಿರ ಹಿಡಿದು ನಿಂತರು. ಕೆಮ್ಮಣ್ಣು ಮತ್ತೆ ಬಳಿದದ್ದಾಯಿತು. ಅದು ಕಡುಗೆಂಪಿನಿಂದ ತಿಳಿಗೆಂಪಿಗೆ ತಿರುಗುವವರೆಗೆ ಎಲ್ಲರೂ ಅನ್ನದ ಪಾತ್ರೆ ನೋಡುವ ಹಾಗೆ ಗೋಡೆಯನ್ನೇ ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಅಜ್ಜಿ ಮಣೆಯ ಮೇಲೆ ಕೂತು, ಪುಂಡಿ ನಾರಿನ ತುದಿ ಜಗಿದು ಹದ ಮಾಡಿಕೊಂಡು, ಮೊದಲ ಗೆರೆ ಎಳೆಯಿತು. ಗೆರೆ ನಡುಗಿತು. ಎರಡನೆಯದೂ ನಡುಗಿತು. ಅಜ್ಜಿ ಸುಮ್ಮನೆ ನಾರನ್ನು ಮೊಮ್ಮಗಳ ಕಡೆ ಚಾಚಿತು.

‘ನಂಗೆ ಬರಲ್ಲ ಅಜ್ಜಿ.’

‘ಬರಲ್ಲ ಅಂತ ಗೊತ್ತು. ಹಿಡಿ.’

ಚಿಕ್ಕಂದಿನಿಂದ ಅಜ್ಜಿ ಕಲಿ ಕಲಿ ಎಂದರೂ ಈ ಹುಡುಗಿ ಕಲಿತಿರಲಿಲ್ಲ. ಓದು, ಹಾಸ್ಟೆಲು, ಡ್ಯೂಟಿ, ಪುರುಸೊತ್ತು ಎಲ್ಲಿತ್ತು? ಈಗ ನಾಳೆಯ ಮದುಮಗಳು ಗೋಡೆಗೆ ಮುಖ ಮಾಡಿ ಕೂತಳು. ಅಜ್ಜಿ ಪಕ್ಕದಲ್ಲಿ ಕೂತು ಅವಳ ಮೊಣಕೈ ಹಿಡಿಯಿತು. ಗ್ಯಾಸ್‌ಲೈಟಿನ ಬೆಳಕು. ಹಿಟ್ಟು ತೊಟ್ಟಿಕ್ಕುವಷ್ಟು ನೀರಾಗಬಾರದು, ನಾರಿಗೆ ಅಂಟುವಷ್ಟು ಗಟ್ಟಿಯಾಗಬಾರದು. ಗೆರೆಯನ್ನು ಮೇಲಿನಿಂದ ಕೆಳಗೆ ಒಂದೇ ಸಲಕ್ಕೆ ತರಬೇಕು, ನಡುವೆ ನಿಂತರೆ ಗಂಟು ಬೀಳುತ್ತದೆ. ‘ಉಸ್ರು ಬಿಗಿ ಹಿಡೀಬ್ಯಾಡ. ಸೂಜಿ ಚುಚ್ಚುವಾಗ ನಿನ್ನ ಕೈ ನಡುಗ್ತದಾ?’ ಅಜ್ಜಿ ಕೇಳಿತು. ‘ಇಲ್ಲ.’ ‘ಮತ್ತೆ?’ ಆಮೇಲೆ ಗೆರೆ ನೆಟ್ಟಗೆ ಇಳಿಯಿತು. ನರ ಹುಡುಕಿ ಅಭ್ಯಾಸವಾದ ಬೆರಳುಗಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತು ಹಾಡಲು ಶುರುಮಾಡಿದರು.

ಒಂದು ಗಂಟೆಯ ಮೇಲೆ, ಹಾಡು ನಿಂತಿದ್ದ ಹೊತ್ತಿನಲ್ಲಿ, ನಾನು ಅಜ್ಜಿಯನ್ನು ಮಾತಾಡಿಸಿದೆ. ನಿಮ್ಮ ಮದುವೆಯ ಚಿತ್ತಾರ ಯಾರು ಬರೆದಿದ್ದರು ಎಂದೆ. ‘ನಮ್ಮಮ್ಮ’ ಎಂದಿತು. ತವರುಮನೆ ಈಗಿನ ಹೊಳೆಯ ಅಡಿಯಲ್ಲಿದೆ. ಮದುವೆಯಾಗಿ ಮೂರೋ ನಾಲ್ಕೋ ವರ್ಷಕ್ಕೆ ನೀರು ಬಂತು. ಮಾಡು ಇಳಿಸಿ, ಹೆಂಚು, ತೊಲೆ, ಬಾಗಿಲು ಎಲ್ಲ ಗಾಡಿಗೆ ಹೇರಿದರು. ಗೋಡೆಯನ್ನು ಹೇರಲು ಆಗಲಿಲ್ಲ. ‘ನನ್ನ ಹಸೆ ಗೋಡೆನೂ ನೀರೇ ತೊಳ್ದಿದ್ದು ಮೇಷ್ಟ್ರೇ. ಇವಳದ್ದಾದ್ರೂ ಬೆಳಗಾಗದ್ರೊಳಗೆ ಮತ್ತೆ ಎದ್ದೀತು.’ ಅಜ್ಜಿ ಇದನ್ನು ಹೇಳುವಾಗ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ‘ಅಲ್ಲಿ ವಾರೆ ಆತು, ಒರ್ಸು’ ಎಂದು ಅದೇ ಉಸಿರಿನಲ್ಲಿ ಮೊಮ್ಮಗಳಿಗೆ ಹೇಳಿತು.

ಶರಾವತಿಯ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ಓಡುತ್ತದೆ. ಆ ನೀರಿಗೆ ಮನೆ ಬಿಟ್ಟುಕೊಟ್ಟವರ ಮೊಮ್ಮಗಳು ಗ್ಯಾಸ್‌ಲೈಟಿನಲ್ಲಿ ತನ್ನ ಮದುವೆಯ ಗೋಡೆ ಬರೆಯುತ್ತಿದ್ದಳು. ಅಲ್ಲಿ ಕೂತಿದ್ದವರಲ್ಲಿ ಇದನ್ನು ಯಾರೂ ಆಡಿಕೊಳ್ಳಲಿಲ್ಲ. ನೆಲದ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿರುವ ಮುಳುಗಡೆ ಸಂತ್ರಸ್ತರಿಗೆ ಒಂದು ರಾತ್ರಿಯ ಕತ್ತಲು ದೊಡ್ಡದಲ್ಲ.

ಬೆಳಿಗ್ಗೆ ಏಳಕ್ಕೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮದುಮಗಳ ತಮ್ಮ ಕಳಸವಳ್ಳಿಗೆ ಹೊರಟ. ಬೀಗರು ಸೊರಬದ ಕಡೆಯವರು. ಹೊಳೆ ದಾಟಿ ಅಭ್ಯಾಸ ಇಲ್ಲದವರು. ಮುಹೂರ್ತ ಹತ್ತೂಕಾಲಿಗೆ, ಕರ್ಕಾಟಕ ಲಗ್ನ. ದಡಕ್ಕೆ ಬಂದು ನೋಡಿದರೆ ಆಚೆ ದಡದಲ್ಲಿ ದಿಬ್ಬಣದ ಬಸ್ಸು ನಿಂತಿದೆ, ಅದರ ಮುಂದೆ ಸಿಗಂದೂರು ಚೌಡೇಶ್ವರಿಗೆ ಹೊರಟ ಭಕ್ತರ ಸಾಲು. ರಜೆಯ ಭಾನುವಾರ. ಲಾಂಚಿನಲ್ಲಿ ಹಿಡಿಸುವಷ್ಟು ಜನರನ್ನೇ ಬಿಡುತ್ತಾರೆ. ನಾನು ಆಚೆ ದಡಕ್ಕೆ ಹೋಗುವಾಗ ಎಂಟೂವರೆ. ಮದುಮಗ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿನ ಅಂಚಿನಲ್ಲಿ ನಿಂತಿದ್ದ. ಅವನ ಸೋದರಮಾವ, ‘ಎಂಥಾ ಊರಿಂದ ಹೆಣ್ಣು ತರಾಕೆ ಹೊಂಟ್ವಪ್ಪ’ ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಸಾಲಿನಲ್ಲಿದ್ದ ಹೆಂಗಸೊಬ್ಬರು ತಿರುಗಿ ನೋಡಿ, ‘ದಿಬ್ಬಣವಾ? ಮುಂಚೇನೇ ಹೇಳಬಾರದಾ?’ ಎಂದರು. ದಾವಣಗೆರೆ ಕಡೆಯ ಮಾತು. ಅವರು ಪಕ್ಕಕ್ಕೆ ಸರಿದರು. ಅವರ ಹಿಂದಿನವರು ಸರಿದರು. ‘ಮದುಮಗ ಇದಾನೆ, ದಾರಿ ಬಿಡ್ರಿ’ ಎಂಬ ಮಾತು ಸಾಲಿನುದ್ದಕ್ಕೆ ಹೋಯಿತು. ಅಮ್ಮನವರ ದರ್ಶನಕ್ಕೆ ನಸುಕಿನಿಂದ ಕಾದವರು ಗುರುತಿಲ್ಲದ ಮದುಮಗನಿಗೆ ಜಾಗ ಬಿಟ್ಟುಕೊಟ್ಟರು. ಹಾಗೂ ಎಲ್ಲರೂ ಒಂದೇ ಸಲಕ್ಕೆ ಹಿಡಿಸಲಿಲ್ಲ. ವಾಲಗದವರು ಈ ಲಾಂಚಿನಲ್ಲಿ, ಅವರ ಡೋಲು ಮುಂದಿನದರಲ್ಲಿ.

ಕಳಸವಳ್ಳಿಯಲ್ಲಿ ಬಸ್ಸಿಲ್ಲ. ಎರಡು ಜೀಪು, ಅಡಿಕೆ ಗೊನೆ ಹೊರುವ ಒಂದು ಪಿಕಪ್, ಒಂದು ಟ್ರ್ಯಾಕ್ಟರ್ ಕಾದಿದ್ದವು. ಮದುಮಗನಿಗೆ ಜೀಪು ಗೊತ್ತಾಗಿತ್ತು. ರಾತ್ರಿಯ ಮಳೆಗೆ ಮನೆಯ ಹತ್ತಿರದ ಏರಿನಲ್ಲಿ ಜೀಪಿನ ಗಾಲಿ ಹೂತು ಅವನೂ ಟ್ರ್ಯಾಕ್ಟರ್ ಏರಿದ. ಚಪ್ಪರ ಕಂಡಾಗ ಹತ್ತೂಮುಕ್ಕಾಲು. ಕರ್ಕಾಟಕ ಲಗ್ನದ ಮುಹೂರ್ತ ಕೈಬಿಟ್ಟಿತ್ತು. ಇನ್ನೇನು ಎಂದು ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು ಪಂಚಾಂಗ ತೆರೆಯಲೂ ಇಲ್ಲ. ‘ಅಭಿಜಿನ್ ಲಗ್ನ ಇದೆಯಲ್ಲ. ಹನ್ನೆರಡೂಕಾಲಿಗೆ ಧಾರೆ. ಅಲ್ಲೀವರೆಗೆ ಕಾಲು ತೊಳ್ಕೊಂಡು ಪಾನಕ ಕುಡೀರಿ’ ಎಂದರು. ನಡುಹಗಲಿನ ಆ ಮುಹೂರ್ತ ಎಲ್ಲ ದೋಷವನ್ನೂ ಕಳೆಯುತ್ತದೆ ಎಂದು ಹಿರಿಯರು ನಂಬುತ್ತಾರೆ. ನನಗನ್ನಿಸುವುದು, ಇಂಥ ರಸ್ತೆಗಳನ್ನೂ ಹೊಳೆಗಳನ್ನೂ ಬಲ್ಲ ಯಾರೋ ದಯಾವಂತರೇ ಅದನ್ನು ಪಂಚಾಂಗದೊಳಗೆ ಇಟ್ಟಿರಬೇಕು.

ಬೀಗರಿಗೆ ಸಿಕ್ಕ ಆ ಒಂದೂವರೆ ಗಂಟೆ ಮದುಮಗಳಿಗೂ ಸಿಕ್ಕಿತು. ಬೆಳಗಿನ ಜಾವ ನಾಲ್ಕಕ್ಕೆ ಹೆಂಗಸರು ಬಯ್ದು ಅವಳನ್ನು ಮಲಗಿಸಿದ್ದರು. ಗೋಡೆಯಲ್ಲಿ ಬಲಗಡೆಯ ಕೆಳಮೂಲೆ, ಒಂದು ಗೇಣಿನಷ್ಟು, ಹಾಗೇ ಉಳಿದಿತ್ತು. ಈಗ ಅದನ್ನು ಮುಗಿಸಬಹುದಿತ್ತು. ನಾರು ತರಲೇ ಎಂದು ಯಾರೋ ಕೇಳಿದರೂ ಕೇಳಿದರು. ಅಜ್ಜಿ ತಲೆಯಾಡಿಸಿತು. ಮಗಳು ಸೀರೆ ಉಡಲಿ, ಎರಡು ತುತ್ತು ತಿನ್ನಲಿ, ಸಾಕು. ಹನ್ನೆರಡೂಕಾಲಿಗೆ ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ತಲೆಗೆ ಬಿತ್ತು. ಆ ಹೊತ್ತಿಗೆ ಡೋಲೂ ಬಂದು ಮುಟ್ಟಿತ್ತು. ಎರಡು ಕಡೆ ಹೊಲಿಗೆ ಹಾಕಿದ ರವಿಕೆಯಲ್ಲಿ, ಉಗುರಿನ ಸಂದಿಯಲ್ಲಿ ಅಕ್ಕಿ ಹಿಟ್ಟು ಇನ್ನೂ ಬಿಳಿಯಾಗಿ ಉಳಿದ ಕೈಯನ್ನು ಅವಳು ಧಾರೆಗೆ ಚಾಚಿದಳು. ಹಸೆಯ ಮೇಲೆ ಕೂತಾಗ ಖಾಲಿ ಮೂಲೆ ಮದುಮಗನ ಬೆನ್ನಿನ ಹಿಂದೆ ಮರೆಯಾಯಿತು.

ಊಟಕ್ಕೆ ಮಾವಿನಕಾಯಿ ಚಿತ್ರಾನ್ನ, ಅಪ್ಪೆಹುಳಿ, ಹಲಸಿನಕಾಯಿ ಪಲ್ಯ, ಮೊಗೆಕಾಯಿ ಹುಳಿ, ಹಪ್ಪಳ, ಪಾಯಸ. ಸೋದರಮಾವ ಮೂರನೆಯ ಸಲ ಅಪ್ಪೆಹುಳಿ ಹಾಕಿಸಿಕೊಂಡರು. ನಾಲ್ಕಕ್ಕೆ ದಿಬ್ಬಣ ವಾಪಸು ಹೊರಡಬೇಕು, ಲಾಂಚ್ ಕಾಯುವುದಿಲ್ಲ. ಹೆಣ್ಣು ಒಪ್ಪಿಸುವ ಅಳುವೂ ಅಂದು ಚುಟುಕಾಗಿಯೇ ಮುಗಿಯಿತು. ಲಾಂಚಿನ ಕಟಕಟೆ ಹಿಡಿದು ನಿಂತ ಮದುಮಗಳು ಒಣಮರದ ಬೊಡ್ಡೆಗಳ ಕಡೆ ಕೈ ತೋರಿಸಿ ಗಂಡನಿಗೆ ಏನೋ ಹೇಳುತ್ತಿದ್ದಳು. ಅಜ್ಜಿಯ ತವರು ಅದೇ ದಿಕ್ಕಿಗೆ.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಆಮೇಲೆ ಒಮ್ಮೆ ಅದರ ಮೇಲೆ ಹೋದೆ. ಅರ್ಧ ದಿನ ತಿನ್ನುತ್ತಿದ್ದ ನೀರು ಕೆಲವೇ ನಿಮಿಷದಲ್ಲಿ ಹಿಂದಾಯಿತು. ಲಾಂಚಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಹೆರಿಗೆ ನೋವಿನ ಹೆಂಗಸನ್ನು ದಡದಲ್ಲಿ ಕೂರಿಸಿಕೊಂಡು ಲಾಂಚ್ ಕಾದವರ ಎದುರು ಹಾಗೆ ಹೇಳುವ ಬಾಯಿ ಯಾರಿಗೂ ಬೇಡ. ಸೇತುವೆ ಅರವತ್ತು ವರ್ಷ ತಡವಾಗಿ ಬಂತು, ಅಷ್ಟೆ. ಆ ಮನೆಯ ಜಗಲಿಯ ಗೋಡೆಯನ್ನು ಮಾತ್ರ ಮತ್ತೆ ಸಾರಿಸಿಲ್ಲ. ಮಾಸಿದೆ, ಮೂಲೆ ಖಾಲಿಯೇ ಇದೆ. ಸೊರಬದ ಮನೆಯಲ್ಲಿ ಪ್ರತಿ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಚಿತ್ತಾರವನ್ನು ಈಗ ಅವಳೇ ಬರೆಯುತ್ತಾಳಂತೆ. ಮಳೆ ಬಾರದಿದ್ದರೆ ಅವಳು ಅದನ್ನು ಕಲಿಯುತ್ತಲೇ ಇರಲಿಲ್ಲ.

ಹೊಳೆಯಾಚೆಯ ಮದುವೆಗೆ ನಿಮಗೆ ಕರೆ ಬಂದರೆ ಹಿಂದಿನ ದಿನ ಸಂಜೆಯೇ ಹೋಗಿ. ಈಗ ಸೇತುವೆ ಇದೆ, ಬೆಳಿಗ್ಗೆ ಹೊರಟರೂ ಧಾರೆಗೆ ಸಿಗುತ್ತೀರಿ ಎನ್ನುವುದು ನಿಜ. ಆದರೆ ನಾನು ನೋಡಿದ ಮದುವೆ ಹಿಂದಿನ ರಾತ್ರಿಯೇ ಆಗಿಹೋಗಿತ್ತು. ಮತ್ತೆ, ಟೈಲರ್ ಕೊಟ್ಟ ಕವರನ್ನು ಅಂಗಡಿಯ ಮುಂದೆಯೇ ಬಿಚ್ಚಿ ನೋಡಿ.